ಏಳು ಬಾರದ ಆಟ

ಆ ಊರಿನಲ್ಲಿ ಆಟ ಶುರುವಾಗುವ ಮೊದಲೇ ಅದರ ಅಂಕಗಳನ್ನು ಬರೆದಿಡುತ್ತಿದ್ದರು.

ತಿಂಗಳಿಗೊಂದು ದಿನ ಆಟ. ಬೆಳಿಗ್ಗೆ ಆಟದ ಮಂಡಳಿಯ ಐದು ಜನ ಕಲ್ಲಿನ ಕಟ್ಟೆಯ ಮೇಲೆ ಬಂದು ಕೂರುತ್ತಿದ್ದರು. ಅಧ್ಯಕ್ಷರು ಕಣ್ಣು ಮುಚ್ಚಿ ಹುಣಿಸೆಬೀಜದ ಮಡಕೆಗೆ ಕೈ ಹಾಕಿ ಬೆರಳ ತುದಿಗೆ ಸಿಕ್ಕಷ್ಟು ಬೀಜ ತೆಗೆಯುತ್ತಿದ್ದರು. ಅದು ಮೂಡಲ ಬೀದಿಯವರದು. ಮತ್ತೊಮ್ಮೆ ಕೈ ಹಾಕಿ ತೆಗೆದದ್ದು ಪಡುವಲ ಬೀದಿಯವರದು. ಕಾರ್ಯದರ್ಶಿ ಬೀಜ ಎಣಿಸಿ ಕರಿಹಲಗೆಯ ಮೇಲೆ ಎರಡು ಸಂಖ್ಯೆ ಬರೆಯುತ್ತಿದ್ದ. ಆಮೇಲೆ ಗಂಟೆ. ಆಮೇಲೆ ಆಟಗಾರರು ಸುಣ್ಣದ ಗೆರೆ ದಾಟಿ ಮೈದಾನದೊಳಗೆ ಹೋಗುತ್ತಿದ್ದರು.

ಬರೆದ ಅಂಕ ಬರುವವರೆಗೆ ಆಟ ಮುಗಿಯುವುದಿಲ್ಲ. ಆಟ ಮುಗಿಯುವವರೆಗೆ ಆಟಗಾರರು ಗೆರೆ ದಾಟಿ ಹೊರಗೆ ಬರುವಂತಿಲ್ಲ. ದಾಟಿದರೆ, ಕಾಲು ಹೊರಗಿಟ್ಟ ಕ್ಷಣಕ್ಕೇ ಹೆಸರು ಹೋಯಿತು. ಕಟ್ಟೆಯ ಹಿಂದಿನ ಗೋಡೆಯಲ್ಲಿ ಒಬ್ಬೊಬ್ಬ ಆಟಗಾರರ ಹೆಸರಿಗೂ ಒಂದೊಂದು ಮರದ ಬಿಲ್ಲೆ ತೂಗುತ್ತಿತ್ತು. ಹೆಸರು ಹೋದವರ ಬಿಲ್ಲೆಯನ್ನು ಇಳಿಸುತ್ತಿದ್ದರು. ಅಲ್ಲಿಂದಾಚೆ ಅವರು ಆಟಗಾರರಲ್ಲ. ಮತ್ತೆಂದೂ ಗೆರೆಯೊಳಗೆ ಕಾಲಿಡುವಂತಿಲ್ಲ.

ಆಟ ಸರಳ. ಎರಡೂ ಕಡೆ ಆರಾರು ಜೋಡಿ. ಜೋಡಿಯಲ್ಲಿ ಒಬ್ಬರು ಎಸೆಯುವವರು, ಒಬ್ಬರು ಹಿಡಿಯುವವರು. ಬಟ್ಟೆ ಸುತ್ತಿ ಹೊಲಿದ ಚೆಂಡನ್ನು ಎದುರಾಳಿಗಳ ತಲೆಯ ಮೇಲಿಂದ ತನ್ನ ಜೋಡಿಗೇ ಎಸೆಯಬೇಕು. ನೆಲ ಮುಟ್ಟದೆ ಜೋಡಿಯ ಕೈ ಸೇರಿದರೆ ಎಸೆದವರಿಗೆ ಒಂದು ಅಂಕ, ಹಿಡಿದ ಆಟಗಾರರಿಗೆ ಒಂದು ಅಂಕ. ಬೇರೆ ಯಾರು ಹಿಡಿದರೂ ಚೆಂಡು ಸತ್ತ ಲೆಕ್ಕ. ಬರೆದ ಅಂಕಕ್ಕೆ ಮೊದಲು ಬಂದು ನಿಂತ ಕಡೆಯವರು ಗೆದ್ದರು. ಅವರು ಒಳಗೇ ಕೂತು ಇನ್ನೊಂದು ಕಡೆಯವರಿಗೆ ಕಾಯಬೇಕು. ಅಂಕ ಮೀರಿದರೆ ಸೊನ್ನೆ. ಮತ್ತೆ ಮೊದಲಿಂದ.

ಆಟಗಾರರಲ್ಲಿ ಆಟವನ್ನೇ ಕಸುಬು ಮಾಡಿಕೊಂಡವರು ಯಾರೂ ಇರಲಿಲ್ಲ. ಗಾಣದವನು, ದರ್ಜಿ, ಕುಂಬಾರ, ದೋಣಿಯವನು, ಹೀಗೆ. ಮಂಡಳಿಯ ಐವರಲ್ಲಿ ಯಾರೂ ಚೆಂಡು ಮುಟ್ಟಿದ್ದನ್ನು ಆಟಗಾರರು ಕಂಡಿರಲಿಲ್ಲ. ಮಂಡಳಿಗೆ ಆಟ ಬರಬೇಕೆಂಬ ನಿಯಮ ಇರಲಿಲ್ಲ.

ಬುಟ್ಟಿ ಹೆಣೆಯುವವಳು ಪಡುವಲ ಬೀದಿಯ ಕಡೆ ಹಿಡಿಯುವವಳು. ಅವಳ ಜೋಡಿ ದೋಣಿಯವನು. ಹನ್ನೊಂದು ವರ್ಷದಿಂದ ಅವನು ಎಸೆದದ್ದನ್ನು ಅವಳು ಹಿಡಿದಿದ್ದಳು. ಬಿದಿರು ಸೀಳಿ ಸೀಳಿ ಅವಳ ಅಂಗೈ ಗಟ್ಟಿಯಾಗಿತ್ತು. ಚೆಂಡು ಬಂದು ಅಲ್ಲಿ ಕೂತಾಗ ತಪ್ ಎಂದು ಒಂದು ಸದ್ದಾಗುತ್ತಿತ್ತು. ತಿಂಗಳಿನ ಉಳಿದ ದಿನಗಳನ್ನು ಅವಳು ಆ ಸದ್ದಿಗಾಗಿ ಕಳೆಯುತ್ತಿದ್ದಳು. ಇದನ್ನು ಯಾರಿಗೂ ಹೇಳಿರಲಿಲ್ಲ, ದೋಣಿಯವನಿಗೂ.

ಆ ತಿಂಗಳು ಹಳೆಯ ಕಾರ್ಯದರ್ಶಿ ತೀರಿಕೊಂಡು ಹೊಸಬ ಬಂದಿದ್ದ. ಅಧ್ಯಕ್ಷರು ಬೀಜ ತೆಗೆದರು. ಹೊಸ ಕಾರ್ಯದರ್ಶಿ ಎರಡೆರಡು ಸಲ ಎಣಿಸಿ ಚೆಂದದ ಅಕ್ಷರದಲ್ಲಿ ಬರೆದ. ಗಂಟೆಯಾಯಿತು. ಎಲ್ಲರೂ ಒಳಗೆ ಹೋದರು. ಒಳಗೆ ಹೋಗುವ ಮೊದಲು ಹಲಗೆ ಓದುವ ಅಭ್ಯಾಸ ಯಾರಿಗೂ ಇರಲಿಲ್ಲ. ಏನೇ ಬರೆದಿದ್ದರೂ ಆಡುವುದಂತೂ ಇದ್ದದ್ದೇ.

ಒಳಗೆ ನಿಂತು ಓದಿದರು. ಮೂಡಲ ಬೀದಿ ಹನ್ನೆರಡು. ಪಡುವಲ ಬೀದಿ ಏಳು.

"ಏಳಾ?" ಅಂದಳು ಬುಟ್ಟಿಯವಳು.

ದೋಣಿಯವನು ಬೆರಳು ಮಡಿಸಿ ನೋಡಿದ. "ಒಂದು ಎಸೆತಕ್ಕೆ ಎರಡು. ಎರಡು, ನಾಲ್ಕು, ಆರು, ಎಂಟು. ನಡುವೆ ಏಳು ಎಲ್ಲಿಂದ ತರೋದು?"

ಮೂಡಲ ಬೀದಿಯವರು ಮಧ್ಯಾಹ್ನಕ್ಕೆ ಹನ್ನೆರಡು ಮುಗಿಸಿ ಕೂತರು. ಪಡುವಲ ಬೀದಿಯವರು ಆರಕ್ಕೆ ಬಂದರು, ಎಂಟಕ್ಕೆ ಹೋದರು, ಸೊನ್ನೆಗೆ ಬಿದ್ದರು. ಆರು, ಎಂಟು, ಸೊನ್ನೆ. ಹೊತ್ತು ಮುಳುಗುವವರೆಗೆ ಹೀಗೇ. ಬುಟ್ಟಿಯವಳು ಗೆರೆಯ ಅಂಚಿಗೆ ಬಂದು ಕಾರ್ಯದರ್ಶಿಯನ್ನು ಕರೆದಳು.

"ಸ್ವಾಮಿ, ಏಳು ಬರುವುದಿಲ್ಲ."

"ಬರೆದಿದೆಯಲ್ಲ."

"ಬರೆದಿದೆ. ಬರುವುದಿಲ್ಲ."

"ಇವತ್ತು ಬರಲಿಲ್ಲ ಅನ್ನಿ," ಅಂದ ಕಾರ್ಯದರ್ಶಿ. ಅವನ ದನಿಯಲ್ಲಿ ಸೊಕ್ಕು ಇರಲಿಲ್ಲ. "ಮಂಡಳಿಗೆ ತಿಳಿಸುತ್ತೇನೆ."

ಬರೆದದ್ದನ್ನು ಆಟ ಮುಗಿಯುವ ಮೊದಲು ಅಳಿಸುವಂತಿರಲಿಲ್ಲ. ಆ ರಾತ್ರಿ ಇಪ್ಪತ್ನಾಲ್ಕು ಜನ ಮೈದಾನದಲ್ಲೇ ಮಲಗಿದರು. ಮನೆಯವರು ಗೆರೆಯ ಆಚೆಯಿಂದ ಬುತ್ತಿ ದಾಟಿಸಿದರು.

ಎರಡನೆಯ ದಿನ ಆರು, ಎಂಟು, ಸೊನ್ನೆ. ಮೂರನೆಯ ದಿನ ಮಂಡಳಿಯಿಂದ ಪತ್ರ ಬಂತು. ಆಟಗಾರರು ಇನ್ನಷ್ಟು ಮನಸ್ಸಿಟ್ಟು ಆಡಬೇಕೆಂದು ಅದರಲ್ಲಿತ್ತು. ನಾಲ್ಕನೆಯ ದಿನ ಚೆಂಡು ಹಳೆಯದಾಗಿದೆಯೇ ಎಂದು ನೋಡಲು ಮಂಡಳಿ ಇಬ್ಬರ ಸಮಿತಿ ಮಾಡಿತು. ಐದನೆಯ ದಿನ ಹೊಸ ಚೆಂಡು ಬಂತು. ಹೊಸ ಚೆಂಡಿನಲ್ಲಿ ಆರು, ಎಂಟು, ಸೊನ್ನೆ.

ಮೂಡಲ ಬೀದಿಯ ನಾಯಕ ಗಾಣದವನು ಕೂತಲ್ಲಿಂದಲೇ ಕೂಗಿದ. "ಏನ್ರಪ್ಪಾ, ನಿಮ್ಮ ಏಳು ಇನ್ನೂ ಹೊಟ್ಟೇಲೇ ಇದೆಯಾ? ನನ್ನ ಎತ್ತು ನನ್ನ ಮುಖ ಮರೆತಿರುತ್ತೆ."

"ಮರೆತರೆ ಅದಕ್ಕೇ ಒಳ್ಳೇದು," ಅಂದ ದರ್ಜಿ. ಅವನು ಪಡುವಲ ಬೀದಿಯವನು.

"ನಾವು ಗೆದ್ದು ಐದು ದಿನ ಆಯ್ತು ಕಣೋ. ಗೆದ್ದವರಿಗೆ ಜೈಲು ಯಾವ ಊರಲ್ಲಿದೆ?"

"ಈ ಊರಲ್ಲಿ," ಅಂದಳು ಬುಟ್ಟಿಯವಳು. ಎರಡೂ ಕಡೆಯವರು ನಕ್ಕರು.

ಆರನೆಯ ದಿನ ಹಳೆಯ ಕಾರ್ಯದರ್ಶಿಯ ಹೆಂಡತಿ ಗೆರೆಯ ಹತ್ತಿರ ಬಂದಳು. ಮುದುಕಿ. ಹಲಗೆ ನೋಡಿ ಹಣೆ ಚಚ್ಚಿಕೊಂಡಳು.

"ಒಂಟಿ ಬಿಟ್ಟಿದ್ದಾನೆ ಈ ಹುಡುಗ! ನಮ್ಮವರು ಬೀಜ ಜೋಡಿ ಜೋಡಿಯಾಗಿ ಎಣಿಸೋರು. ಕೊನೆಗೆ ಒಂದು ಉಳೀತು ಅನ್ನಿ, ಯಾರಿಗೂ ಕಾಣದ ಹಾಗೆ ಮಡಕೆಗೆ ವಾಪಸ್ ಹಾಕೋರು. ಚಿಕ್ಕ ವಯಸ್ಸಲ್ಲಿ ಆಡಿದ್ದರಲ್ಲ, ಗೊತ್ತಿತ್ತು."

"ಎಷ್ಟು ವರ್ಷ ಹಾಗೆ ಮಾಡಿದರು?" ಅಂದಳು ಬುಟ್ಟಿಯವಳು.

"ಮೂವತ್ತು. ನನಗೊಬ್ಬಳಿಗೇ ಹೇಳಿದ್ದು."

ಆಟಗಾರರಿಗೆ ಖುಷಿಯಾಯಿತು. ತಪ್ಪು ಎಲ್ಲಿದೆಯೆಂದು ಗೊತ್ತಾಗಿತ್ತು. ಅಧ್ಯಕ್ಷರನ್ನೇ ಗೆರೆಯ ಬಳಿ ಕರೆಸಿ ವಿಷಯ ತಿಳಿಸಿದರು. ಅಧ್ಯಕ್ಷರು ಪೂರ್ತಿ ಕೇಳಿಸಿಕೊಂಡರು. ಅವರು ಕೆಟ್ಟವರಲ್ಲ. ಕನ್ನಡಕ ಒರೆಸಿ ಹಾಕಿಕೊಂಡು ಹೇಳಿದರು:

"ಹಾಗಿದ್ದರೆ ಮೂವತ್ತು ವರ್ಷ ಹಲಗೆಯ ಮೇಲೆ ಸುಳ್ಳು ಅಂಕ ಇತ್ತು ಅಂತಾಯಿತು. ಮಂಡಳಿ ತಾನು ಮಾಡಿದ್ದನ್ನು ರದ್ದು ಮಾಡುವುದಿಲ್ಲ. ಆದರೆ ಆಗೇ ಇಲ್ಲ ಎಂದು ಠರಾವು ಮಾಡಬಹುದು. ಆ ಮೂವತ್ತು ವರ್ಷದ ಆಟಗಳು ಆಗೇ ಇಲ್ಲ ಎಂದು ಮಾಡೋಣವೇ? ಮಾಡಿದರೆ ಅಷ್ಟನ್ನೂ ನೀವು ಮತ್ತೆ ಆಡಬೇಕಾಗುತ್ತದೆ. ಯೋಚಿಸಿ."

ದೋಣಿಯವನು ಮನಸ್ಸಿನಲ್ಲೇ ಗುಣಿಸಿದ. ಮುನ್ನೂರ ಅರವತ್ತು ಆಟ. ಮುದುಕಿ ಹೇಳಿದ್ದು ಮರೆವಿನ ಮಾತು ಎಂದು ಆಟಗಾರರು ಬರೆದುಕೊಟ್ಟರು. ಮುದುಕಿ ಮನೆಗೆ ಹೋದಳು.

ಏಳನೆಯ ದಿನ ಆರು, ಎಂಟು, ಸೊನ್ನೆ.

ಎಂಟನೆಯ ದಿನ ಹೊಳೆ ಕೆಂಪಾಯಿತು.

ಮೈದಾನದಿಂದ ಹೊಳೆ ಕಾಣುತ್ತಿತ್ತು. ಹೊಳೆಯ ನಡುವೆ ಮರಳುದಿಬ್ಬ. ಬೇಸಿಗೆಯಲ್ಲಿ ಅಲ್ಲಿ ಎಂಟು ಸಂಸಾರ ಗುಡಿಸಲು ಹಾಕಿ ಸೌತೆ ಬೆಳೆಯುತ್ತಿದ್ದವು. ನೀರು ಬಣ್ಣ ತಿರುಗಿದ ಮರುದಿನ ದಿಬ್ಬ ಮುಳುಗುತ್ತದೆ. ಪ್ರತಿ ವರ್ಷ ಬಣ್ಣ ತಿರುಗಿದ ದಿನವೇ ದೊಡ್ಡ ದೋಣಿ ಹೋಗಿ ಅವರನ್ನು ಕರೆತರುತ್ತಿತ್ತು. ದೊಡ್ಡ ದೋಣಿಗೆ ಚುಕ್ಕಾಣಿ ಹಿಡಿಯಲು ಒಬ್ಬ, ಹುಟ್ಟು ಹಾಕಲು ಐವರು. ಆರೂ ಜನ ಗೆರೆಯೊಳಗಿದ್ದರು. ಅವರನ್ನು ಬಿಟ್ಟರೆ ಆ ಹೊಳೆಯ ಸೆಳೆತ ತಿಳಿದವರು ಊರಲ್ಲಿ ಇರಲಿಲ್ಲ.

ದಿಬ್ಬದ ಮೇಲೆ ಯಾರೋ ಬಿಳಿ ಬಟ್ಟೆ ಬೀಸುತ್ತಿದ್ದರು.

ಆಟಗಾರರು ಅಧ್ಯಕ್ಷರನ್ನು ಕೂಗಿದರು. ಗುರುವಾರ ಸಭೆ ಇದೆ, ಮೊದಲ ವಿಷಯವಾಗಿ ಇದನ್ನೇ ತೆಗೆದುಕೊಳ್ಳುತ್ತೇವೆ ಎಂದರು ಅಧ್ಯಕ್ಷರು. ಅಂದು ಮಂಗಳವಾರ.

ದೋಣಿಯವನು ಪಂಚೆ ಎತ್ತಿ ಕಟ್ಟಿದ. "ನಾಳೆ ಬೆಳಿಗ್ಗೆವರೆಗೆ ಆಡೋಣ. ಆಗಲಿಲ್ಲವೋ, ನಾನು ದಾಟುತ್ತೇನೆ. ಹೆಸರು ಹೋದರೆ ಹೋಗಲಿ."

"ನೀನೊಬ್ಬನೇ ದಾಟಿ ಏನು ಮಾಡ್ತೀಯ? ನೀರು ತೋರಿಸ್ತೀಯಾ ಅವರಿಗೆ?" ಅಂದ ಗಾಣದವನು. ಅವನೂ ಹುಟ್ಟು ಹಾಕುವವನೇ. "ಆರು ಜನವೂ ದಾಟಬೇಕು."

"ಆರು ಬಿಲ್ಲೆ," ಅಂದ ದರ್ಜಿ.

"ಆರು ಜೋಡಿ ಮುರೀತವೆ," ಅಂದ ಕುಂಬಾರ. "ಉಳಿದ ಹದಿನೆಂಟು ಜನ ಒಳಗೇ ಇರ್ತೀವಿ. ಆಟ ಮುಗಿಯೋದಿಲ್ಲವಲ್ಲ."

ಎಲ್ಲರೂ ದಿಬ್ಬದ ಕಡೆ ತಿರುಗಿದರು.

ಬುಟ್ಟಿಯವಳು ದೂರ ಹೋಗಿ ಕೂತು ನಿಯಮವನ್ನು ಪದ ಪದವಾಗಿ ಹೇಳಿಕೊಂಡಳು. ಬುಟ್ಟಿಯ ಬುಡ ಕಟ್ಟುವಾಗ ಕಡ್ಡಿಗಳನ್ನು ಒಂದೊಂದಾಗಿ ಎಳೆದು ನೋಡುವ ಹಾಗೆ. ತನ್ನ ಜೋಡಿಗೇ ಎಸೆಯಬೇಕು. ನೆಲ ಮುಟ್ಟದೆ ಜೋಡಿಯ ಕೈ ಸೇರಿದರೆ ಎಸೆದವರಿಗೆ ಒಂದು. ಹಿಡಿದ ಆಟಗಾರರಿಗೆ ಒಂದು. ಹಿಡಿದ ಆಟಗಾರರಿಗೆ. ಗೆರೆಯ ಹೊರಗೆ ಕಾಲಿಟ್ಟ ಕ್ಷಣಕ್ಕೇ ಹೆಸರು ಹೋಗುತ್ತದೆ. ಹೆಸರು ಹೋದವರು ಆಟಗಾರರಲ್ಲ.

ಅವಳು ಮತ್ತೊಮ್ಮೆ ಮೊದಲಿಂದ ಹೇಳಿಕೊಂಡಳು. ಎಲ್ಲೂ ಸಡಿಲ ಇರಲಿಲ್ಲ. ಆರು ಬಿಲ್ಲೆಯ ಬದಲು ಒಂದು ಬಿಲ್ಲೆ. ಹದಿನೆಂಟು ಜನರಲ್ಲಿ ಒಬ್ಬರೂ ಒಳಗೆ ಉಳಿಯುವುದಿಲ್ಲ. ಅವಳು ಅಂಗೈಯನ್ನು ತೊಡೆಗೆ ಉಜ್ಜಿಕೊಂಡಳು.

ಆಮೇಲೆ ಎದ್ದು ಬಂದಳು.

"ಆಡೋಣ ಬಾ," ಅಂದಳು ದೋಣಿಯವನಿಗೆ. "ಆರಕ್ಕೆ ತಂದು ನಿಲ್ಲಿಸಿ. ಏಳನೆಯದು ನಮ್ಮಿಬ್ಬರದು."

"ಏಳನೆಯದು ಅಂತ ಒಂದು ಇಲ್ಲ ಮಾರಾಯ್ತಿ."

"ಎಸೆಯೋದು ನಿನ್ನ ಕೆಲಸ. ಎಣಿಸೋದು ನನ್ನದು."

ದರ್ಜಿಯ ಜೋಡಿ ಎರಡು ತಂದಿತು. ಕುಂಬಾರನ ಜೋಡಿ ಎರಡು. ದರ್ಜಿಯದು ಮತ್ತೆರಡು. ಆರು. ಬುಟ್ಟಿಯವಳು ಮೈದಾನದ ತುದಿಗೆ ಹೋಗಿ, ಬೆನ್ನ ಹಿಂದೆ ಸುಣ್ಣದ ಗೆರೆ ಒಂದು ಹೆಜ್ಜೆಯಷ್ಟು ಉಳಿಯುವಂತೆ ನಿಂತಳು.

"ಸ್ವಲ್ಪ ಉದ್ದ ಎಸಿ," ಎಂದು ಕೂಗಿದಳು.

"ಎಷ್ಟು ಉದ್ದ?"

"ನನ್ನ ತಲೆ ದಾಟೋ ಅಷ್ಟು."

ಅವನು ಹನ್ನೊಂದು ವರ್ಷದಲ್ಲಿ ಅವಳ ತಲೆ ದಾಟುವಂತೆ ಎಸೆದವನಲ್ಲ. ಆದರೂ ಕೇಳಿದಷ್ಟೇ ಎಸೆದ. ಚೆಂಡು ಮೇಲೆ ಹೋಯಿತು. ಎಸೆದಾಗ ಅವಳು ಒಳಗಿದ್ದಳು. ಚೆಂಡು ಇಳಿಯತೊಡಗಿದಾಗ ಅವಳು ಒಂದು ಹೆಜ್ಜೆ ಹಿಂದೆ ಇಟ್ಟಳು. ಇನ್ನೊಂದು ಕಾಲನ್ನೂ ಎತ್ತಿ ಗೆರೆಯ ಹೊರಗಿಟ್ಟಳು. ಆಮೇಲೆ ಕೈ ಚಾಚಿದಳು.

ತಪ್.

ದೋಣಿಯವನಿಗೆ ಮೊದಲು ಅರ್ಥವಾಯಿತು. ಅವನ ಎಸೆದ ಕೈ ಇನ್ನೂ ಕೆಳಗೆ ಇಳಿದಿರಲಿಲ್ಲ.

ಕಾರ್ಯದರ್ಶಿ ಕಟ್ಟೆಯ ಮೇಲೆ ಎದ್ದು ನಿಂತಿದ್ದ. ನಿಯಮದ ಪುಸ್ತಕ ತೆರೆದ, ಮುಚ್ಚಿದ. "ಎಸೆದದ್ದು ಜೋಡಿಗೇ. ಎಸೆದವರಿಗೆ ಒಂದು," ಅಂದ. ಸ್ವಲ್ಪ ತಡೆದು, "ಹಿಡಿದವರು ಆಟಗಾರರಲ್ಲ. ಏಳು," ಅಂದ. ಗಂಟೆ ಹೊಡೆದ.

ಆಟಗಾರರು ಕೂಗಿಕೊಂಡು ಗೆರೆ ದಾಟಿ ಹೊರಗೆ ಬಂದರು. ದೋಣಿಯವನು ಅವಳ ಎದುರಿಗೆ ಬಂದು ನಿಂತ.

"ದೋಣಿ," ಅಂದಳು ಅವಳು.

ಅವನು ಓಡಿದ. ಐವರು ಅವನ ಹಿಂದೆ ಓಡಿದರು. ಸಂಜೆಯೊಳಗೆ ದೊಡ್ಡ ದೋಣಿ ಮೂರು ಸಲ ಹೋಗಿ ಬಂತು. ಎಂಟು ಸಂಸಾರ, ಮೂರು ಆಡು, ಒಂದು ಬೀಸುಕಲ್ಲು. ಮಾರನೆಯ ದಿನ ದಿಬ್ಬ ಕಾಣಲಿಲ್ಲ. ಅವಳ ಬಿಲ್ಲೆ ಗೋಡೆಯಲ್ಲಿ ಇರಲಿಲ್ಲ.

ಗುರುವಾರ ಮಂಡಳಿ ಸಭೆ ಸೇರಿತು. ಮನಸ್ಸಿಟ್ಟು ಆಡಿದರೆ ಏಳು ಬರುತ್ತದೆಂದು ಮಂಡಳಿ ಮೊದಲೇ ತಿಳಿಸಿತ್ತು, ಹಾಗೇ ಆಯಿತು ಎಂದು ಬರೆದುಕೊಂಡಿತು.

ತಿಂಗಳು ಕಳೆಯಿತು. ಮತ್ತೆ ಆಟದ ದಿನ ಬಂತು. ಹೆಸರು ಹೋದವರು ಗೆರೆಯಿಂದ ನಲವತ್ತು ಹೆಜ್ಜೆ ದೂರ ನಿಲ್ಲಬೇಕು. ಬುಟ್ಟಿಯವಳು ಹೆಜ್ಜೆ ಎಣಿಸಿ ನಿಂತಳು. ಬರಬಾರದೆಂದು ಬೆಳಿಗ್ಗೆ ತೀರ್ಮಾನ ಮಾಡಿದ್ದಳು, ಆದರೂ ಬಂದಿದ್ದಳು.

ಅಧ್ಯಕ್ಷರು ಬೀಜ ತೆಗೆದರು. ಕಾರ್ಯದರ್ಶಿ ಎಣಿಸಿದ. ಕೊನೆಯ ಬೀಜದ ಮೇಲೆ ಅವನ ಬೆರಳು ಸ್ವಲ್ಪ ಹೊತ್ತು ನಿಂತಿತು. ಅಧ್ಯಕ್ಷರು ಅವನನ್ನೇ ನೋಡುತ್ತಿದ್ದರು. ಅವನು ಬರೆದ. ಮೂಡಲ ಬೀದಿ ಒಂಬತ್ತು. ಪಡುವಲ ಬೀದಿ ಐದು.

ಗಂಟೆಯಾಯಿತು. ಈ ಸಲ ಆಟಗಾರರು ಹೊರಗೇ ನಿಂತು ಹಲಗೆ ಓದಿದರು.

"ಎರಡೂ ಒಂಟಿ," ಅಂದ ಗಾಣದವನು. "ಆ ಕಡೆಯಿಂದ ಒಬ್ಬರು, ಈ ಕಡೆಯಿಂದ ಒಬ್ಬರು ಹೊರಗೆ ಬೀಳಬೇಕು. ಯಾರು?" ಅವನು ತನ್ನ ಜೋಡಿಯ ಕಡೆ ನೋಡಿದ. ಅವಳು ಅವನ ಕಡೆ ನೋಡಿದಳು. ಪ್ರತಿಯೊಂದು ಜೋಡಿಯೂ ಹಾಗೇ ನೋಡಿಕೊಂಡಿತು. ದೋಣಿಯವನಿಗೆ ನೋಡಲು ಯಾರೂ ಇರಲಿಲ್ಲ.

ಇಪ್ಪತ್ಮೂರು ಜನ ಗೆರೆಯ ಮುಂದೆ ನಿಂತರು. ಒಬ್ಬರೂ ಕಾಲು ಎತ್ತಲಿಲ್ಲ.

ಮತ್ತೆ ಗಂಟೆಯಾಯಿತು. ಅಧ್ಯಕ್ಷರು ಕಟ್ಟೆಯಿಂದ ಇಳಿದರು. ಆಟಗಾರರ ಕಡೆ ಹೋಗದೆ ನಲವತ್ತು ಹೆಜ್ಜೆ ನಡೆದು ಬುಟ್ಟಿಯವಳ ಬಳಿ ಬಂದರು. ಅವರ ಅಂಗೈಯಲ್ಲಿ ಅವಳ ಬಿಲ್ಲೆ ಇತ್ತು.

"ತಗೋ ತಾಯಿ," ಅಂದರು. "ನಿನ್ನ ಹೆಸರು ಹೋಗೇ ಇಲ್ಲ ಎಂದು ಮಂಡಳಿ ಠರಾವು ಮಾಡಿದೆ. ಇದನ್ನು ಹಿಡಿದು ನೀನು ಒಳಗೆ ನಡಿ. ನೀನು ಹೋದರೆ ಅವರೂ ಬರುತ್ತಾರೆ. ನಿನ್ನ ಮಾತು ಮೀರುವುದಿಲ್ಲ."

ಅವಳು ಬಿಲ್ಲೆ ತೆಗೆದುಕೊಂಡಳು. ತೂತಿನ ದಾರ ಹೊಸದು. ಮೈದಾನದ ಆಚೆ ತುದಿಯಲ್ಲಿ ಅವಳು ನಿಲ್ಲುವ ಜಾಗ ಖಾಲಿ ಇತ್ತು. ಬೇಕು ಎಂದು ಅವಳ ಕೈ ಹೇಳುತ್ತಿತ್ತು. ನಲವತ್ತು ಹೆಜ್ಜೆ, ಆಮೇಲೆ ಒಂದು ಚೆಂಡು. ಆದರೆ ಅವಳ ಹಿಂದೆ ಇಪ್ಪತ್ಮೂರು ಜನ ಒಳಗೆ ಹೋಗುತ್ತಾರೆ, ಇಬ್ಬರು ಕಡಿಮೆಯಾಗಿ ಹೊರಗೆ ಬರುತ್ತಾರೆ. ಮುಂದಿನ ತಿಂಗಳು ಮತ್ತೆ.

"ಹೋಗೇ ಇಲ್ಲವೇ?" ಎಂದು ದನಿ ಎತ್ತಿ ಕೇಳಿದಳು.

"ಹೋಗೇ ಇಲ್ಲ."

"ಹಾಗಾದರೆ ಆವತ್ತು ಹಿಡಿದಾಗಲೂ ನಾನು ಆಟಗಾರ್ತಿಯೇ."

"ಆಟಗಾರ್ತಿಯೇ."

"ಹಿಡಿದ ಆಟಗಾರರಿಗೆ ಒಂದು. ಆವತ್ತು ಏಳಲ್ಲ, ಎಂಟು. ಎಂಟಾದರೆ ಸೊನ್ನೆ. ಆ ಆಟ ಮುಗಿದೇ ಇಲ್ಲ. ಅದು ಮುಗಿಯದೆ ಈ ಒಂಬತ್ತನ್ನೂ ಐದನ್ನೂ ಬರೆಯುವಂತಿರಲಿಲ್ಲ. ಅಳಿಸಿಬಿಡಿ, ಒಳಗೆ ಹೋಗುತ್ತೇನೆ."

ಅಧ್ಯಕ್ಷರು ಹಲಗೆಯ ಕಡೆ ನೋಡಿದರು. ಬರೆದದ್ದನ್ನು ಅಳಿಸುವಂತಿರಲಿಲ್ಲ. ಆಮೇಲೆ ಮೆಲ್ಲಗೆ ಅವಳ ಕೈಯಿಂದ ಬಿಲ್ಲೆ ತೆಗೆದು ಜೇಬಿಗೆ ಹಾಕಿಕೊಂಡರು. ಅವಳು ಬೆರಳು ಬಿಗಿ ಮಾಡಲಿಲ್ಲ.

ಅಷ್ಟೂ ಮಾತು ಆಟಗಾರರಿಗೆ ಕೇಳಿಸಿತ್ತು. ದೋಣಿಯವನು ಕಟ್ಟೆ ಹತ್ತಿ ಗೋಡೆಯಿಂದ ತನ್ನ ಬಿಲ್ಲೆ ಬಿಚ್ಚಿ ಅಧ್ಯಕ್ಷರ ಖಾಲಿ ಕುರ್ಚಿಯ ಮೇಲೆ ಇಟ್ಟ. ದರ್ಜಿ ಇಟ್ಟ. ಕುಂಬಾರ ಇಟ್ಟ. ಗಾಣದವನು ತನ್ನ ಬಿಲ್ಲೆಯನ್ನು ಒಮ್ಮೆ ಮೂಸಿ ನೋಡಿ, "ಎಣ್ಣೆ ವಾಸನೆ ಇನ್ನೂ ಹೋಗಿಲ್ಲ," ಎಂದು ಇಟ್ಟ. ಇಪ್ಪತ್ಮೂರು ಬಿಲ್ಲೆ ಕುರ್ಚಿಯಲ್ಲಿ ಹಿಡಿಸದೆ ಕೆಲವು ಕೆಳಗೆ ಜಾರಿದವು. ಅಧ್ಯಕ್ಷರು ವಾಪಸ್ ಬಂದು ನಿಂತೇ ಕಾರ್ಯದರ್ಶಿಗೆ ಹೇಳಿದರು: "ಆಟ ನಡೆಯುತ್ತಿದೆ ಎಂದು ಬರೆದುಕೊ."

ಆಟಗಾರರು ಹೊಳೆಯ ಕಡೆ ನಡೆದರು. ನೆರೆ ಇಳಿದು ದಂಡೆಯಲ್ಲಿ ಹೊಸ ಮರಳು ಹಾಸಿತ್ತು. ದರ್ಜಿ ಚಿಂದಿ ಸುತ್ತಿ ಒಂದು ಚೆಂಡು ಮಾಡಿದ. ಎರಡು ಕಡೆ ನಿಂತರು. ನಿಂತ ಮೇಲೆ ಯಾರಿಗೂ ಮುಂದೆ ಏನೆಂದು ತಿಳಿಯಲಿಲ್ಲ. ಸಂಖ್ಯೆ ಇಲ್ಲದೆ ಅವರು ಎಂದೂ ಚೆಂಡು ಎಸೆದವರಲ್ಲ.

"ಎಷ್ಟಕ್ಕೆ?" ಅಂದ ಗಾಣದವನು.

"ಗೊತ್ತಿಲ್ಲ," ಅಂದಳು ಬುಟ್ಟಿಯವಳು.

"ಮತ್ತೆ ಮುಗಿಯೋದು ಹೇಗೆ?"

"ಅದೂ ಗೊತ್ತಿಲ್ಲ. ಎಸಿ."

ದೋಣಿಯವನು ಎಸೆದ. ಚಿಂದಿಯ ಚೆಂಡು ಗಾಳಿಯಲ್ಲಿ ಸ್ವಲ್ಪ ಬಿಚ್ಚಿಕೊಂಡು, ಬಾಲ ಬಿಟ್ಟುಕೊಂಡು ಬಂತು. ಅವಳು ಮುಂದಕ್ಕೆ ಬಾಗಿ, ಮರಳಿಗೆ ಒಂದು ಗೇಣು ಇರುವಾಗ ಹಿಡಿದಳು. ಬಾಲ ಮರಳನ್ನು ಸವರಿತು.

"ನೆಲ ಮುಟ್ತು!" ಅಂದರು ಮೂಡಲ ಬೀದಿಯವರು.

"ಮುಟ್ಟಿದ್ದು ಬಾಲ, ಚೆಂಡಲ್ಲ!" ಅಂದರು ಪಡುವಲ ಬೀದಿಯವರು.

"ಬಾಲ ಚೆಂಡಿನದಲ್ಲವೇನಯ್ಯಾ?"

ತೀರ್ಪು ಕೊಡಲು ಅಲ್ಲಿ ಯಾರೂ ಇರಲಿಲ್ಲ. ಬುಟ್ಟಿಯವಳು ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಎಲ್ಲರಿಗಿಂತ ಜೋರಾಗಿ ಜಗಳಕ್ಕೆ ನಿಂತಳು. ಜಗಳ ಹೊತ್ತು ಮುಳುಗುವವರೆಗೆ ನಡೆಯಿತು. ಮನೆಗೆ ಹೋಗುವ ಆತುರ ಒಬ್ಬರಿಗೂ ಇರಲಿಲ್ಲ.